ಅರ್ಧ ದಾರಿಯಲ್ಲಿ ಪ್ರವಾಸದ ಪ್ಲಾನ್ ಬದಲಾದರೆ

ಬೇಸಿಗೆ ರಜೆ, ದಸರಾ ರಜೆ ಬಂತೆಂದರೆ ಬೆಂಗಳೂರಿನ ವಿಲ್ಸನ್ ಗಾರ್ಡನ್ನಿನ ಅಡ್ಡರಸ್ತೆಗಳಲ್ಲಿ ರಾತ್ರಿ ಊಟದ ಹೊತ್ತಿಗೆ ಟೆಂಪೊ ಟ್ರಾವೆಲರ್‌ಗಳು ಬಂದು ನಿಲ್ಲುತ್ತವೆ. ಧರ್ಮಸ್ಥಳ, ಮುರ್ಡೇಶ್ವರ, ಗೋಕರ್ಣ ಎಂದು ಆರು ದಿನದ ಪಟ್ಟಿ ಮಾಡಿಕೊಂಡು ಎರಡು ಮೂರು ಮನೆಯವರು ಒಟ್ಟಿಗೆ ಹೊರಡುತ್ತಾರೆ. ಈಚೆಗೆ ಮಲಗುವ, ಅಡುಗೆ ಮಾಡುವ ಅನುಕೂಲವಿರುವ ಕ್ಯಾರವಾನ್‌ಗಳೂ ಬಾಡಿಗೆಗೆ ಸಿಗುತ್ತವೆ. ಮೂರನೇ ದಿನಕ್ಕೆ ಅಜ್ಜಿಗೆ ಜ್ವರ, ಇಲ್ಲವೇ ಘಾಟಿಯಲ್ಲಿ ಗುಡ್ಡ ಕುಸಿತ, ಇಲ್ಲವೇ ‘ಇಷ್ಟು ದೂರ ಬಂದಿದ್ದೇವೆ, ಗೋವಾನೂ ನೋಡಿಬಿಡೋಣ’ ಎಂಬ ಆಸೆ. ವಾಪಸು ಬಂದ ಮೇಲೆ ಬಾಡಿಗೆಯ ಲೆಕ್ಕದಲ್ಲಿ ಜಗಳ. ಈ ಜಗಳಗಳಲ್ಲಿ ಬಹುಪಾಲು ತಪ್ಪಿಸಬಹುದಾದವು.

ಗಾಡಿ ಗೊತ್ತುಮಾಡಿ ಮುಂಗಡ ಕೊಟ್ಟಾಗಲೇ ನಿಮ್ಮ ಮತ್ತು ಮಾಲೀಕರ ನಡುವೆ ಕರಾರು ಆಗಿರುತ್ತದೆ. ಅದಕ್ಕೆ ಸ್ಟ್ಯಾಂಪ್ ಪೇಪರ್ ಬೇಕಿಲ್ಲ. ದಾರಿ, ದಿನ, ಊರು ಬದಲಾಯಿಸುವುದೆಂದರೆ ಆ ಕರಾರನ್ನೇ ತಿದ್ದುವುದು. 1872ರ ಭಾರತೀಯ ಕರಾರು ಕಾಯ್ದೆಯ 62ನೇ ಕಲಂ ಪ್ರಕಾರ ಇದಕ್ಕೆ ಇಬ್ಬರೂ ಒಪ್ಪಬೇಕು. ಚಾಲಕ ತಲೆಯಾಡಿಸಿದ ಮಾತ್ರಕ್ಕೆ ಮಾಲೀಕರು ಒಪ್ಪಿದಂತಾಗದು. ಹಾಗೆಯೇ, ನಿಮಗೆ ಹೇಳದೆ ಅವರು ಪಟ್ಟಿಯಲ್ಲಿದ್ದ ಊರನ್ನು ಬಿಟ್ಟರೆ ಅದು ಸೇವಾ ನ್ಯೂನತೆ.

ಆದ್ದರಿಂದ ಗಾಡಿ ತಿರುಗಿಸುವ ಮುನ್ನ, ರಸ್ತೆ ಬದಿಯಲ್ಲಿ ನಿಂತು, ಮಾಲೀಕರಿಗೆ ಒಂದು ವಾಟ್ಸ್‌ಆ್ಯಪ್ ಸಂದೇಶ ಕಳಿಸಿ: ‘ಇಂದು ಮೂರನೇ ದಿನ, ಬೆಳಿಗ್ಗೆ 9ಕ್ಕೆ ಮೀಟರ್ 48,210. ಅಮ್ಮನಿಗೆ ಹುಷಾರಿಲ್ಲ, ಗೋಕರ್ಣ ಬಿಟ್ಟು ನಾಳೆ ರಾತ್ರಿಯೊಳಗೆ ಬೆಂಗಳೂರಿಗೆ ವಾಪಸು. ನಾಲ್ಕು ದಿನದ ಬಾಡಿಗೆ, ಕಿಲೋಮೀಟರಿಗೆ 22 ರೂಪಾಯಿ, ಚಾಲಕರ ಬಾಟಾ ನಾಲ್ಕು ದಿನದ್ದು. ಒಪ್ಪಿಗೆಯಾದರೆ ತಿಳಿಸಿ.’ ಮೀಟರಿನ ಫೋಟೊ ಜೊತೆಗಿರಲಿ. ಅವರು ‘ಸರಿ’ ಎಂದು ಉತ್ತರಿಸಿದರೆ ಮುಂದಿನ ತಕರಾರಿಗೆ ಅದೇ ದಾಖಲೆ. ಆ ಸಂದೇಶವನ್ನು ಅಳಿಸಬೇಡಿ, ಫೋನ್ ಬದಲಿಸಿದರೆ ಬ್ಯಾಕಪ್ ಇಟ್ಟುಕೊಳ್ಳಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಅಡಿ ಪ್ರಮಾಣಪತ್ರದೊಂದಿಗೆ ಇಂಥ ವಿದ್ಯುನ್ಮಾನ ದಾಖಲೆಯನ್ನು ಹಾಜರುಪಡಿಸಬಹುದು.

ಹಣದ ವಿಷಯದಲ್ಲಿ ಜನ ಸುಮ್ಮನೆ ಸೋಲೊಪ್ಪಿಕೊಳ್ಳುವುದನ್ನು ಕಂಡರೆ ಸಂಕಟವಾಗುತ್ತದೆ. ಆರು ದಿನಕ್ಕೆ ಗಾಡಿ ಗೊತ್ತಾಗಿದೆ, ದಿನಕ್ಕೆ ಕನಿಷ್ಠ 300 ಕಿಲೋಮೀಟರ್ ಲೆಕ್ಕ ಎಂದಿಟ್ಟುಕೊಳ್ಳಿ. 22 ರೂಪಾಯಿಯಂತೆ 1,800 ಕಿಲೋಮೀಟರಿಗೆ 39,600 ರೂಪಾಯಿ. ನೀವು ನಾಲ್ಕೇ ದಿನಕ್ಕೆ ಮರಳಿದಿರಿ, ಓಡಿದ್ದು 1,200 ಕಿಲೋಮೀಟರ್, ಅಂದರೆ 26,400. ಉಳಿದ 13,200 ರೂಪಾಯಿಯೂ ಪೂರ್ತಿ ನನ್ನದೇ ಎಂದು ಮಾಲೀಕರು ಪಟ್ಟು ಹಿಡಿಯುತ್ತಾರೆ. ನೀವೇ ಕರಾರು ಮುರಿದಿದ್ದರೂ ಕಾನೂನು ಅವರಿಗೆ ಕೊಡಿಸುವುದು ಆದ ನಷ್ಟವನ್ನು, ಅದೂ ನ್ಯಾಯವಾದ ಮಟ್ಟಿಗೆ. ಆ ಎರಡು ದಿನದ ಡೀಸೆಲ್ ಉಳಿದಿದೆ, ಬಾಟಾ ಉಳಿದಿದೆ, ಗಾಡಿ ಬೇರೆಯವರಿಗೆ ಹೋಗಿರಲೂಬಹುದು. ಕರಾರು ಕಾಯ್ದೆಯ 73ನೇ ಕಲಂ ನಷ್ಟ ತಗ್ಗಿಸಲು ಇದ್ದ ದಾರಿಗಳನ್ನೂ ಗಮನಕ್ಕೆ ತೆಗೆದುಕೊಳ್ಳುತ್ತದೆ. ಬುಕಿಂಗ್ ಚೀಟಿಯಲ್ಲಿ ‘ಮುಂಗಡ ವಾಪಸು ಇಲ್ಲ’ ಎಂದು ಅಚ್ಚಾಗಿದ್ದರೂ 74ನೇ ಕಲಂ ಪ್ರಕಾರ ಅಲ್ಲಿ ಬರೆದ ಮೊತ್ತ ಪರಿಹಾರದ ಗರಿಷ್ಠ ಮಿತಿ ಮಾತ್ರ. ನಷ್ಟವೇ ಆಗದಿದ್ದರೆ ಹಣ ಮುಟ್ಟುಗೋಲು ಹಾಕಿಕೊಳ್ಳುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2015ರ ಕೈಲಾಶ್ ನಾಥ್ ಅಸೋಸಿಯೇಟ್ಸ್ ಪ್ರಕರಣದಲ್ಲಿ ಹೇಳಿದೆ. ನಷ್ಟಕ್ಕೆ ತಾಳಮೇಳವಿಲ್ಲದ ದಂಡ ವಿಧಿಸುವ ಷರತ್ತು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ‘ಅನ್ಯಾಯದ ಕರಾರು’ ಎನಿಸಿಕೊಳ್ಳುತ್ತದೆ. ಮಾಲೀಕರ ಕಡೆಗೂ ನ್ಯಾಯ ಇರಬೇಕು: ಹಬ್ಬದ ವಾರದಲ್ಲಿ ಬೇರೆ ಬಾಡಿಗೆ ಬಿಟ್ಟು ನಿಮಗಾಗಿ ಗಾಡಿ ಇಟ್ಟಿದ್ದರೆ ಅವರ ನಷ್ಟ ನಿಜವಾದದ್ದೇ.

ಯಾರದೂ ತಪ್ಪಿಲ್ಲದೆ ದಾರಿಯೇ ಮುಚ್ಚಿಹೋದರೆ? 2024ರ ಜುಲೈಯಲ್ಲಿ ಸಕಲೇಶಪುರದ ಬಳಿ ಗುಡ್ಡ ಕುಸಿದು ಶಿರಾಡಿ ಘಾಟಿಯಲ್ಲಿ ಸಂಚಾರ ನಿಂತದ್ದು ನೆನಪಿರಬಹುದು. ಶಿರಾಡಿ ಮುಚ್ಚಿ ಚಾರ್ಮಾಡಿಯೋ ಸಂಪಾಜೆಯೋ ತೆರೆದಿದ್ದರೆ ಕರಾರು ಉಳಿಯುತ್ತದೆ. ಸುತ್ತು ದಾರಿಯ ಖರ್ಚು ಹೆಚ್ಚಾಯಿತು ಎಂಬುದು ಕರಾರಿನಿಂದ ಬಿಡುಗಡೆ ಪಡೆಯಲು ಸಾಲದು. ಹೆಚ್ಚುವರಿ ಕಿಲೋಮೀಟರಿನ ಹಣ ಯಾರದೆಂದು ಅಲ್ಲೇ ಮಾತಾಡಿಕೊಳ್ಳಬೇಕು. ಹೋಗುವುದೇ ಅಸಾಧ್ಯವಾದರೆ ಮಾತ್ರ ಕರಾರು ಕಾಯ್ದೆಯ 56ನೇ ಕಲಂ ಅನ್ವಯವಾಗಿ ಕರಾರು ಅನೂರ್ಜಿತವಾಗುತ್ತದೆ, ಆಗ 65ನೇ ಕಲಂ ಅಡಿ ಪಡೆದ ಲಾಭವನ್ನು ಹಿಂತಿರುಗಿಸಬೇಕಾಗುತ್ತದೆ.

ಹೊಸ ಊರು ಸೇರಿಸುವಾಗ ತೊಡಕು ಬೇರೆ. ಗಾಡಿಯ ಪರ್ಮಿಟ್ ಅಲ್ಲಿಗೆ ನಡೆಯುತ್ತದೆಯೇ? ಅಖಿಲ ಭಾರತ ಪ್ರವಾಸಿ ಪರ್ಮಿಟ್ ಇದ್ದರೆ ಬೇರೆ ರಾಜ್ಯಕ್ಕೂ ಹೋಗಬಹುದು; ಕರ್ನಾಟಕಕ್ಕಷ್ಟೇ ಪರ್ಮಿಟ್ ಇರುವ ಗಾಡಿ ಪ್ರತ್ಯೇಕ ಪರ್ಮಿಟ್ ಇಲ್ಲದೆ ಕಾರವಾರ ದಾಟಿ ಗೋವಾಕ್ಕೆ ಹೋಗುವಂತಿಲ್ಲ. ಪರ್ಮಿಟ್ ಇಲ್ಲದೆ ಓಡಿಸಿದರೆ ಮೋಟಾರು ವಾಹನ ಕಾಯ್ದೆಯ 192ಎ ಕಲಂ ಅಡಿ 10,000 ರೂಪಾಯಿ ದಂಡವಿದೆ, ಮೊದಲ ಸಲಕ್ಕೇ ಆರು ತಿಂಗಳವರೆಗೆ ಸೆರೆವಾಸವೂ ಆಗಬಹುದು. 207ನೇ ಕಲಂ ಅಡಿ ವಾಹನವನ್ನು ತಡೆಹಿಡಿಯುವ ಅಧಿಕಾರವೂ ಇದೆ. ಶಿಕ್ಷೆ ನಿಮಗಲ್ಲ, ಆದರೆ ಮಕ್ಕಳು ಮರಿ, ಲಗೇಜು ಸಮೇತ ಗಡಿಯಲ್ಲಿ ನಿಲ್ಲುವವರು ನೀವು. ಪರ್ಮಿಟ್ ಮತ್ತು ವಿಮೆಯನ್ನು ಫೋನಿನಲ್ಲೇ ತೋರಿಸಲು ಕೇಳಿ. ಡಿಜಿಲಾಕರ್, ಎಂಪರಿವಹನ್ ದಾಖಲೆಗಳಿಗೆ ಮಾನ್ಯತೆ ಇದೆ. ಬಿಳಿ ಬೋರ್ಡಿನ ಸ್ವಂತ ಗಾಡಿಯನ್ನು ಬಾಡಿಗೆಗೆ ತೆಗೆದುಕೊಂಡು ದೂರದ ದಾರಿ ಹಿಡಿಯಲೇಬೇಡಿ. ಅಪಘಾತವಾದರೆ ವಿಮಾ ಕಂಪನಿ ತಕರಾರು ತೆಗೆಯುವುದು ಅಲ್ಲೇ.

ಮೈಸೂರಿನಲ್ಲಿದ್ದಾಗ ಊಟಿಗೆ ಹೋಗಿಬರೋಣ ಎನಿಸಿದರೆ ಇನ್ನೊಂದು ವಿಷಯ ಗೊತ್ತಿರಲಿ. ಮದ್ರಾಸ್ ಹೈಕೋರ್ಟ್ ಆದೇಶದ ಮೇರೆಗೆ 2024ರ ಮೇ 7ರಿಂದ ನೀಲಗಿರಿಗೆ ಹೋಗುವ ಪ್ರವಾಸಿ ವಾಹನಗಳಿಗೆ ಇ-ಪಾಸ್ ಪದ್ಧತಿ ಬಂದಿದೆ. ಬಂಡೀಪುರ ಕಾಡಿನ ಹೆದ್ದಾರಿಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧ. ಗುಂಡ್ಲುಪೇಟೆಯಲ್ಲಿ ತಡವಾಗಿ ಊಟ ಮುಗಿಸಿದರೆ ರಾತ್ರಿ ಅಲ್ಲೇ ಕಳೆಯಬೇಕಾದೀತು.

ಚಾಲಕರ ಮೇಲೆ ಹೆಚ್ಚು ಹೊರೆ ಹಾಕಬೇಡಿ. ಬಿಟ್ಟ ಊರನ್ನು ಸರಿದೂಗಿಸಲು ರಾತ್ರಿಯಿಡೀ ಓಡಿಸಿ ಎಂದು ಒತ್ತಾಯಿಸುವ ಹಕ್ಕು ನಿಮಗಿಲ್ಲ. ದುಡಿಮೆಯ ಅವಧಿಗೆ ಕಾನೂನಿನ ಮಿತಿಯಿದೆ; ದಿನಕ್ಕೆ ಎಂಟು ಗಂಟೆ ಎಂಬುದು ಸಾಮಾನ್ಯ ನಿಯಮ. ಬೆಳಗಿನ ಜಾವ ಹೆದ್ದಾರಿಯಲ್ಲಿ ನಿದ್ದೆಗಣ್ಣಿನಲ್ಲಿ ಆಗುವ ಅಪಘಾತಗಳ ಸುದ್ದಿ ಓದುವಾಗಲೆಲ್ಲ ಈ ಒಂದು ನಿಯಮವನ್ನು ಪ್ರಯಾಣಿಕರೇ ಕಾಯಬಾರದೇ ಎನಿಸುತ್ತದೆ.

ಮಾತಿನಲ್ಲಿ ಬಗೆಹರಿಯದಿದ್ದರೆ ವಿಲ್ಸನ್ ಗಾರ್ಡನ್ನಿನವರು ದೂರ ಹೋಗಬೇಕಿಲ್ಲ. ಮೊದಲು 1915ಕ್ಕೆ, ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಕರೆ ಮಾಡಿ ದೂರು ಸಂಖ್ಯೆ ಪಡೆಯಿರಿ. ಎಷ್ಟೋ ಪ್ರಕರಣ ಅಲ್ಲೇ ಮುಗಿಯುತ್ತವೆ. ಮುಂದಿನ ಹೆಜ್ಜೆ ಜಿಲ್ಲಾ ಗ್ರಾಹಕ ಆಯೋಗ. ಕೆ.ಎಚ್. ರಸ್ತೆಯ ಶಾಂತಿನಗರ ಟಿಟಿಎಂಸಿ ಕಟ್ಟಡದಲ್ಲೇ ನಗರದ ಕೆಲವು ಆಯೋಗಗಳಿವೆ, ಇ-ಜಾಗೃತಿ ಜಾಲತಾಣದಲ್ಲೂ ಅರ್ಜಿ ಹಾಕಬಹುದು. ಮಾಲೀಕರ ಕಚೇರಿ ಬೇರೆ ಊರಿನಲ್ಲಿದ್ದರೂ ನೀವು ವಾಸಿಸುವ ಜಾಗದ ಆಯೋಗದಲ್ಲೇ ದೂರು ಕೊಡಬಹುದು. ಕೊಟ್ಟ ಹಣ 5 ಲಕ್ಷ ರೂಪಾಯಿಯೊಳಗಿದ್ದರೆ ಶುಲ್ಕವಿಲ್ಲ. ವಕೀಲರೂ ಕಡ್ಡಾಯವಲ್ಲ. ಎರಡು ವರ್ಷದೊಳಗೆ ದೂರು ಸಲ್ಲಿಸಬೇಕು.

ಹೆಚ್ಚಿನವರಿಗೆ ಗೊತ್ತಿಲ್ಲದ ಇನ್ನೊಂದು ಬಾಗಿಲೂ ಇದೆ: ಖಾಯಂ ಜನತಾ ನ್ಯಾಯಾಲಯ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 22ಎ ಕಲಂ ರಸ್ತೆ ಮೂಲಕ ಪ್ರಯಾಣಿಕರನ್ನು ಸಾಗಿಸುವ ಸೇವೆಯನ್ನು ಸಾರ್ವಜನಿಕ ಉಪಯುಕ್ತ ಸೇವೆ ಎಂದೇ ಗುರುತಿಸಿದೆ. ಇಲ್ಲಿ ಮೊದಲು ರಾಜಿಗೆ ಯತ್ನ, ಆಗದಿದ್ದರೆ ತೀರ್ಪು. ಆ ತೀರ್ಪಿನ ಮೇಲೆ ಮೇಲ್ಮನವಿ ಇಲ್ಲ. ಇಲ್ಲಿಗೆ ಬರುವುದಾದರೆ ಬೇರೆ ನ್ಯಾಯಾಲಯಕ್ಕೆ ಹೋಗುವ ಮುನ್ನವೇ ಬರಬೇಕು, ಒಮ್ಮೆ ಇಲ್ಲಿ ಅರ್ಜಿ ಕೊಟ್ಟ ಮೇಲೆ ಅದೇ ತಕರಾರಿಗೆ ಬೇರೆ ನ್ಯಾಯಾಲಯಕ್ಕೆ ಹೋಗುವಂತಿಲ್ಲ. ಆದ್ದರಿಂದ ಯೋಚಿಸಿ ಒಂದನ್ನು ಆರಿಸಿಕೊಳ್ಳಿ. ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರದ ಕಚೇರಿ ಎಚ್. ಸಿದ್ದಯ್ಯ ರಸ್ತೆಯ ನ್ಯಾಯದೇಗುಲ ಕಟ್ಟಡದಲ್ಲಿದೆ, ಸಹಾಯವಾಣಿ 15100. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು ತಮ್ಮ ಆದಾಯ ಎಷ್ಟೇ ಇದ್ದರೂ ಅಲ್ಲಿ ಉಚಿತ ವಕೀಲರನ್ನು ಕೇಳಬಹುದು. ಹೋಗುವಾಗ ಬುಕಿಂಗ್ ಚೀಟಿ, ಹಣ ಕಳಿಸಿದ ಯುಪಿಐ ದಾಖಲೆ, ಮೀಟರಿನ ಫೋಟೊ ಮತ್ತು ಮಾಲೀಕರ ಉತ್ತರವಿರುವ ಆ ಸಂದೇಶದ ಪ್ರತಿ ಕೈಯಲ್ಲಿರಲಿ.