ಹೆಲ್ಮೆಟ್ ತೆಗೆದು ಕೂರು, ತಮ್ಮಾ

ಕಳೆದ ಸೋಮವಾರ ಎಚ್ಐವಿ ಚಿಕಿತ್ಸೆಯ ಎಆರ್‌ಟಿ ಕೇಂದ್ರದ ಹೊರಗಿನ ಬೆಂಚಿನ ಮೇಲೆ ನೀನು ಹೆಲ್ಮೆಟ್ ತೆಗೆಯದೆ ಒಂದೂವರೆ ಗಂಟೆ ಕೂತಿದ್ದೆ. ಅದರ ಗಾಜನ್ನೂ ಇಳಿಬಿಟ್ಟಿದ್ದೆ. ನಿನ್ನ ನಂಬರ್ ಕರೆದಾಗ ಒಳಗೆ ಹೋಗಿ ಬಂದು, ಕಂಬದ ಮರೆಗೆ ನಿಂತು, ಡಬ್ಬಿಯ ಮೇಲಿನ ಚೀಟಿಯನ್ನು ಉಗುರಿನಿಂದ ಕೆರೆದು ಕಿತ್ತೆ. ಗುಳಿಗೆಗಳು ಗಲಗಲ ಅನ್ನಬಾರದೆಂದು ಒಳಗೆ ಹತ್ತಿ ತುರುಕಿದೆ. ನಾನು ನೋಡಿಯೂ ನೋಡದವಳ ಹಾಗೆ ಇದ್ದೆ, ತಮ್ಮಾ. 2007ರಲ್ಲಿ ನಾನೂ ಸೆರಗನ್ನು ಮುಖಕ್ಕೆ ಎಳೆದುಕೊಂಡು ಹೀಗೆಯೇ ಕೂತಿದ್ದೆ.

ಆಗ ಮನೆಯಲ್ಲಿ ಯಾರಿಗೂ ನನ್ನ ಸೋಂಕಿನ ವಿಷಯ ಗೊತ್ತಿರಲಿಲ್ಲ. ಆದರೂ ಒಂದು ಸ್ಟೀಲ್ ಲೋಟಕ್ಕೆ ಮೊಳೆಯಿಂದ ಗೀರು ಹಾಕಿ, ಅದನ್ನು ನನ್ನದೆಂದು ಬೇರೆ ಇಟ್ಟುಕೊಂಡೆ. ಇಟ್ಟವರು ಅತ್ತೆಯಲ್ಲ, ಅಕ್ಕಪಕ್ಕದವರಲ್ಲ, ನಾನೇ. ತಂಗಿಯ ಕೂಸನ್ನು ಎತ್ತಿಕೊಳ್ಳುವುದನ್ನೂ ಬಿಟ್ಟೆ. ಜೊತೆಗೆ ಕೂತು ಉಂಡರೆ, ಒಂದೇ ಲೋಟದಲ್ಲಿ ಕುಡಿದರೆ, ಮಗುವಿಗೆ ಮುತ್ತಿಟ್ಟರೆ ಇದು ಹರಡುವುದಿಲ್ಲ ಎಂದು ಆಪ್ತಸಮಾಲೋಚಕಿ ಬಿಡಿಸಿ ಬಿಡಿಸಿ ಹೇಳಿದ್ದಳು. ಕಿವಿಗೆ ಬಿದ್ದಿತ್ತು, ಮನಸ್ಸಿಗೆ ಇಳಿದಿರಲಿಲ್ಲ. ಊರು ಹಾಕಬಹುದಾಗಿದ್ದ ಬಹಿಷ್ಕಾರವನ್ನು ಊರಿಗೆ ತಿಳಿಯುವ ಮೊದಲೇ ನನಗೆ ನಾನೇ ಹಾಕಿಕೊಂಡಿದ್ದೆ. ಆ ಮೈಲಿಗೆಯೇ ನನ್ನನ್ನು ಸೋಂಕಿಗಿಂತ ಹೆಚ್ಚು ಸುಟ್ಟದ್ದು. ನಿನ್ನ ಹೆಲ್ಮೆಟ್ ಕಂಡಾಗ ನನಗೆ ಆ ಲೋಟ ನೆನಪಾಯಿತು.

ಗುಳಿಗೆಯ ವಿಷಯ ನಿನಗೆ ಒಳಗೆ ಹೇಳಿಯೇ ಇರುತ್ತಾರೆ. 2004ರ ಏಪ್ರಿಲ್ 1ರಿಂದ ಸರ್ಕಾರ ಇದನ್ನು ಉಚಿತವಾಗಿ ಕೊಡುತ್ತಾ ಬಂದಿದೆ. ಈಗ ಹೆಚ್ಚಿನವರಿಗೆ ಮೂರು ಔಷಧಿ ಸೇರಿದ ಒಂದೇ ಗುಳಿಗೆ, ದಿನಕ್ಕೊಮ್ಮೆ. ಆರು ತಿಂಗಳಿಗೆ ವೈರಲ್ ಲೋಡ್, ಅಂದರೆ ರಕ್ತದಲ್ಲಿ ವೈರಾಣು ಎಷ್ಟಿದೆ ಎಂದು, ನೋಡುತ್ತಾರೆ. ವೈರಾಣು ಪರೀಕ್ಷೆಗೆ ಸಿಗದಷ್ಟು ಇಳಿದು ಹಾಗೆಯೇ ಉಳಿದರೆ, ಲೈಂಗಿಕ ಸಂಪರ್ಕದಿಂದ ಸಂಗಾತಿಗೆ ಸೋಂಕು ದಾಟುವುದಿಲ್ಲ. ಇದು ಸಮಾಧಾನಕ್ಕೆ ಆಡುವ ಮಾತಲ್ಲ. ಸಾವಿರಾರು ಜೋಡಿಗಳನ್ನು ವರ್ಷಗಟ್ಟಲೆ ಗಮನಿಸಿ ಕಂಡುಕೊಂಡದ್ದು.

ಆದರೆ ರಾತ್ರಿ ಎರಡು ಗಂಟೆಗೆ ಎಚ್ಚರವಾದಾಗ ಈ ಲೆಕ್ಕ ಯಾವುದೂ ನೆನಪಾಗುವುದಿಲ್ಲ. ಸಣ್ಣ ಕೆಮ್ಮು ಬಂದರೆ 'ಶುರುವಾಯಿತು' ಅನ್ನಿಸುತ್ತದೆ. ಯಾರಾದರೂ ಪಿಸುಗುಟ್ಟಿದರೆ ನನ್ನ ಮಾತೇ ಅನ್ನಿಸುತ್ತದೆ. ಮಾಡಿದ್ದು, ಮಾಡದೇ ಇದ್ದದ್ದು ಎಲ್ಲದಕ್ಕೂ ಇದು ಶಿಕ್ಷೆ ಎಂದು ಮನಸ್ಸು ತೀರ್ಪು ಬರೆಯುತ್ತದೆ. ವೈರಾಣುವಿಗೆ ಪಾಪ-ಪುಣ್ಯ ಗೊತ್ತಿಲ್ಲ, ತಮ್ಮಾ. ಎಚ್ಐವಿ ಇರುವವರಲ್ಲಿ ಖಿನ್ನತೆ ಉಳಿದವರಿಗಿಂತ ಹೆಚ್ಚು ಎಂದು ವೈದ್ಯರು ಬಹಳ ಹಿಂದಿನಿಂದ ಬಲ್ಲರು. ಅದು ನಿನ್ನ ದೌರ್ಬಲ್ಯವಲ್ಲ, ಚಿಕಿತ್ಸೆ ಇರುವ ಕಾಯಿಲೆ. ಎರಡು ವಾರ ದಾಟಿದರೂ ನಿದ್ದೆ ಹತ್ತದಿದ್ದರೆ, ಊಟ ಸೇರದಿದ್ದರೆ, ಯಾವುದರಲ್ಲೂ ಮನಸ್ಸು ನಿಲ್ಲದಿದ್ದರೆ ವೈದ್ಯರಿಗೆ ಬಾಯಿಬಿಟ್ಟು ಹೇಳು. ಅದನ್ನು ಹಾಗೇ ಬಿಟ್ಟರೆ 'ಯಾತಕ್ಕೆ ನುಂಗಬೇಕು' ಎಂಬ ಬೇಸರದಲ್ಲಿ ಗುಳಿಗೆ ತಪ್ಪುತ್ತದೆ, ಗುಳಿಗೆ ತಪ್ಪಿದರೆ ವೈರಾಣು ಏರುತ್ತದೆ.

ಕೆಲವೊಮ್ಮೆ ಔಷಧಿಯೇ ಕಾಡುವುದುಂಟು. ನನಗೆ ಮೊದಲು ಕೊಟ್ಟವುಗಳಲ್ಲಿ ಎಫಾವಿರೆಂಜ್ ಇತ್ತು. ರಾತ್ರಿಯಿಡೀ ವಿಚಿತ್ರ ಕನಸು, ಬೆಳಿಗ್ಗೆ ತಲೆ ಭಾರ. ಹುಚ್ಚು ಹಿಡಿಯಿತೆಂದು ತಿಂಗಳುಗಟ್ಟಲೆ ಯಾರಿಗೂ ಹೇಳದೆ ಹೆದರಿದೆ. ಈಗಿನ ಡೊಲುಟೆಗ್ರಾವಿರ್ ಕೂಡ ಕೆಲವರ ನಿದ್ದೆ ಕೆಡಿಸುತ್ತದೆ. ನೀನಾಗಿ ನಿಲ್ಲಿಸಬೇಡ, ಹೇಳಿಕೋ. ನುಂಗುವ ಹೊತ್ತು ಬದಲಿಸಿದರೂ ಸರಿಹೋಗುವುದುಂಟು.

ಊರಿಗೆಲ್ಲ ಸಾರು ಎಂದು ನಾನು ಹೇಳುವುದಿಲ್ಲ. 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿರುವ ಕಾಯ್ದೆ ನಿನ್ನ ಗುಟ್ಟನ್ನು ಕಾಯುತ್ತದೆ. ಸೋಂಕಿದೆ ಎಂದು ಕೆಲಸದಲ್ಲಿ, ಆಸ್ಪತ್ರೆಯಲ್ಲಿ ಭೇದ ಮಾಡುವುದನ್ನು ಅದು ತಡೆಯುತ್ತದೆ. ಸಂಗಾತಿ ಇದ್ದರೆ, ಮದುವೆಯ ಮಾತು ನಡೆದಿದ್ದರೆ, ಅವರಿಗೆ ಮಾತ್ರ ಹೇಳಲೇಬೇಕು. ಒಬ್ಬನೇ ಹೇಳಲಾಗದಿದ್ದರೆ ಸಮಾಲೋಚಕರ ಎದುರಿಗೆ ಕೂತು ಹೇಳು. ಅದರ ಹೊರತು ನಂಬಿಕೆಯ ಒಂದು ಜೀವ ಸಾಕು.

ನಾನು ಏಳು ತಿಂಗಳು ತಡಮಾಡಿ ಒಂದು ಸಂಜೆ ರೊಟ್ಟಿ ಬಡಿಯುತ್ತಾ ತಂಗಿಗೆ ಹೇಳಿದೆ. ಅವಳ ಕಡೆ ನೋಡುವ ಧೈರ್ಯವಿಲ್ಲದೆ ಹೆಂಚನ್ನೇ ನೋಡುತ್ತಿದ್ದೆ, ರೊಟ್ಟಿ ಸೀದುಹೋಯಿತು. ಅವಳು ಏನೂ ಅನ್ನಲಿಲ್ಲ. ಎದ್ದು ಆ ಗೀರಿನ ಲೋಟಕ್ಕೇ ನೀರು ತುಂಬಿಕೊಂಡು ಗಟಗಟ ಕುಡಿದಳು. ಆಮೇಲೆ ಮಲಗಿದ್ದ ಕೂಸನ್ನು ಎತ್ತಿ ತಂದು ನನ್ನ ತೊಡೆಯ ಮೇಲೆ ಹಾಕಿದಳು. ಅಂದು ರಾತ್ರಿ ನಾನು ನಿದ್ದೆ ಮಾಡಿದೆ.

ಅಂಥವರು ಈಗ ಯಾರೂ ಕಾಣದಿದ್ದರೆ ಫೋನ್ ಇದೆ. ಎಚ್ಐವಿ ಬಗ್ಗೆ ಏನೇ ಕೇಳುವುದಿದ್ದರೂ 1097. ಬದುಕು ಸಾಕೆನ್ನಿಸಿದ ಗಳಿಗೆಯಲ್ಲಿ ಟೆಲಿ ಮಾನಸ್, 14416. ಹಗಲು-ರಾತ್ರಿ ಎನ್ನದೆ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಮುಂದಿನ ಸಲ ಗುಳಿಗೆಗೆ ಬಂದಾಗ ಹೆಲ್ಮೆಟ್ ತೆಗೆದು ತೊಡೆಯ ಮೇಲಿಟ್ಟುಕೊಂಡು ನನ್ನ ಪಕ್ಕ ಕೂರು. ನಂಬರ್ ಬರುವವರೆಗೆ ಮಾತಾಡೋಣ.