ಹಿನ್ನೆಲೆ ಮೊದಲು, ಮುಖ ಆಮೇಲೆ

ಸಿನಿಮಾ ಪೋಸ್ಟರಿನಂಥ ಭಾವಚಿತ್ರ ಮಾಡಹೊರಟವರು ಸಾಮಾನ್ಯವಾಗಿ ಮುಖವನ್ನು ಮೊದಲು ತೆಗೆದು, ಅದಕ್ಕೊಪ್ಪುವ ಮೋಡವನ್ನೋ ಕೋಟೆಯನ್ನೋ ಆಮೇಲೆ ಹುಡುಕುತ್ತಾರೆ. ಈ ಕ್ರಮವನ್ನು ತಿರುಗಿಸಿ ನೋಡಿ. 1858ರಲ್ಲಿ ಐದು ನೆಗೆಟಿವ್‌ಗಳನ್ನು ಬೆಸೆದು ‘ಫೇಡಿಂಗ್ ಅವೇ’ ಎಂಬ ಚಿತ್ರ ಮಾಡಿದ ಛಾಯಾಗ್ರಾಹಕ ಹೆನ್ರಿ ಪೀಚ್ ರಾಬಿನ್ಸನ್, ಇಂಥ ಜೋಡಣೆಗೆ ಮೊದಲೇ ರೇಖಾಚಿತ್ರ ಹಾಕಿಕೊಳ್ಳುತ್ತಿದ್ದರು. ಕಾರಣ ಸರಳ. ಹಿನ್ನೆಲೆಯ ಸೂರ್ಯ ಎಡಕ್ಕೆ, ದಿಗಂತದ ಬಳಿ ಇದ್ದರೆ ಭುಜದಂಚಿನ ಬೆಳಕೂ ಎಡಹಿಂದಿನಿಂದ, ತಗ್ಗಿನಲ್ಲೇ ಬರಬೇಕು. ಮೋಡ ಕವಿದಿದ್ದರೆ ನೆರಳಿನ ಅಂಚು ಮೆತ್ತಗಿರಬೇಕು. ಕ್ಯಾಮೆರಾದ ಎತ್ತರವೂ ಎರಡರಲ್ಲಿ ಒಂದೇ ಆಗಿರಲಿ, ಇಲ್ಲವಾದರೆ ವ್ಯಕ್ತಿ ತೇಲಿದಂತೆ ಕಾಣುತ್ತಾನೆ.

ಸಾಫ್ಟ್‌ವೇರಿನಲ್ಲಿ ಎಲ್ಲ ಸರಿಮಾಡಬಹುದಲ್ಲ ಎನ್ನಬಹುದು. ಬಣ್ಣ, ಹೊಳಪು ಸರಿಯಾಗುತ್ತವೆ, ಒಪ್ಪೋಣ. ಆದರೆ ಬಲಕ್ಕೆ ಬಿದ್ದ ಮೂಗಿನ ನೆರಳನ್ನು ಎಡಕ್ಕೆ ಹೊರಳಿಸುವುದೆಂದರೆ ಮುಖವನ್ನೇ ಹೊಸದಾಗಿ ಬರೆದಂತೆ. ಸ್ಟುಡಿಯೋ ದುಬಾರಿ ಎಂಬ ಮಾತೂ ಪೂರ್ತಿ ನಿಜವಲ್ಲ: ಹಿಂದಿನಿಂದ ಒಂದು ಫ್ಲ್ಯಾಶ್, ಮುಂದೆ ಬೆಳಕು ಮರಳಿಸಲು ಥರ್ಮೋಕೋಲ್ ಹಲಗೆ ಇದ್ದರೆ ಆರಂಭಕ್ಕೆ ಸಾಕು. ಫ್ಲ್ಯಾಶ್ ಚಿಕ್ಕದಾದರೆ ಹತ್ತಿರ ತನ್ನಿ. ದೂರ ಅರ್ಧವಾದರೆ ಬೆಳಕು ಸುಮಾರು ನಾಲ್ಕು ಪಟ್ಟು. ಇನ್ನು ಕೂದಲನ್ನು ಹಿನ್ನೆಲೆಯಿಂದ ಬಿಡಿಸುವ ಕೆಲಸ (ಎಲ್ಲರನ್ನೂ ಅಳಿಸುವುದು ಇದೇ): ಹಸಿರು ಪರದೆಗಿಂತ ಬೂದು ಗೋಡೆ ವಾಸಿ, ಹಸಿರು ಕೆನ್ನೆಗೂ ಅಂಟುತ್ತದೆ.