ಪಂಪಿನ ಮೇಲೆ ತಪ್ಪು ಹೊರಿಸುವ ಮುಂಚೆ

ತಮ್ಮಾ, ಐಟಿಐ ಮುಗಿಸಿ ಉದ್ಯಮಬಾಗದಲ್ಲಿ ಪಾನಾ ಹಿಡಿದಿದ್ದೀ, ಒಳ್ಳೆಯದಾಯಿತು. ಹೈಡ್ರಾಲಿಕ್ ಕಲಿಯುವವನಿಗೆ ಬೆಳಗಾವಿಯಲ್ಲಿ ಗುರುಗಳ ಬರವಿಲ್ಲ. ಸುರೇಶ ಹುಂದ್ರೆಯವರು 1981ರಲ್ಲಿ ಇಲ್ಲಿ ಪಾಲಿಹೈಡ್ರಾನ್ ಎಂಬ ಹೈಡ್ರಾಲಿಕ್ ಕಾರ್ಖಾನೆ ಶುರು ಮಾಡಿದರು. ಇಂದು ದೇಶದಲ್ಲಿ ಎಲ್ಲೇ ಹೋಗಿ ಪಂಪು, ವಾಲ್ವು ಅಂದರೆ ಈ ಊರಿನ ಹೆಸರು ಗೊತ್ತಿರುವವರು ಸಿಗುತ್ತಾರೆ. ಎರಕ ಹೊಯ್ಯುವವರು, ಹೋನಿಂಗ್ ಮಾಡುವವರು, ಸೀಲ್ ಮಾರುವವರು ಎಲ್ಲರೂ ಇಲ್ಲಿಂದ ಮಚ್ಛೆಯವರೆಗೆ ಒಂದೇ ರಸ್ತೆಯ ಆಸುಪಾಸಿನಲ್ಲಿ ಇದ್ದಾರೆ. ನನಗೆ ಹೆದರಿಕೆ ಇರುವುದೂ ಅದಕ್ಕೇ. ಎಲ್ಲವೂ ಕೈಗೆ ಸಿಗುವ ಊರಲ್ಲಿ ಬಿಚ್ಚುವುದು ಸುಲಭ, ಬದಲಾಯಿಸುವುದು ಇನ್ನೂ ಸುಲಭ. ಯಾಕೆ ಕೆಟ್ಟಿತು ಅಂತ ಹುಡುಕುವ ರೂಢಿ ಹಾಗೇ ತಪ್ಪಿಹೋಗುತ್ತದೆ.

ಖಾನಾಪುರ ಕಡೆಯಿಂದ ಹಳೇ ಟ್ರ್ಯಾಕ್ಟರ್ ತಂದ ರೈತ "ಲಿಫ್ಟ್ ಏಳವಲ್ದು, ಪಂಪ್ ಹೋಗೇತಿ" ಅನ್ನುತ್ತಾನೆ. ಮೊದಲನೇ ಮಾತು ನಂಬು, ಅದು ಅವನು ಕಣ್ಣಾರೆ ಕಂಡದ್ದು. ಎರಡನೇ ಮಾತು ದಾರಿಯಲ್ಲಿ ಯಾರೋ ಹೇಳಿಕೊಟ್ಟದ್ದು. ಕೂಡಿಸಿ, ಚಹಾ ಕೊಟ್ಟು ಕೇಳು. ಬರಿಗೈಯಲ್ಲಿ ಏಳುತ್ತದೋ, ರೋಟಾವೇಟರ್ ಕಟ್ಟಿದರೆ ಮಾತ್ರ ಏಳುವುದಿಲ್ಲವೋ? ಬೆಳಿಗ್ಗೆ ಸರಿಯಿದ್ದು ಮಧ್ಯಾಹ್ನ ಸೋಲುತ್ತದೋ? ಒಮ್ಮೆಗೇ ನಿಂತಿತೋ, ತಿಂಗಳುಗಟ್ಟಲೆ ಸೊರಗುತ್ತಾ ಬಂತೋ? ಅದಕ್ಕೂ ಸ್ವಲ್ಪ ಮೊದಲು ಯಾವ ಆಯಿಲ್ ಹಾಕಿಸಿದೆ, ಯಾರ ಟಿಪ್ಪಿಂಗ್ ಟ್ರೇಲರ್ ಕಟ್ಟಿದ್ದೆ?

ಕೊನೆಯ ಪ್ರಶ್ನೆಯನ್ನು ಮರೆಯಬೇಡ. ಹಳೇ ಟ್ರ್ಯಾಕ್ಟರುಗಳಲ್ಲಿ ಬಹಳಷ್ಟಕ್ಕೆ ಗೇರಿಗೂ ಲಿಫ್ಟಿಗೂ ಒಂದೇ ಆಯಿಲ್. ಗೇರು ಸವೆದ ಪುಡಿ ಪಂಪಿಗೆ ಬರುತ್ತದೆ. ಅದರ ಮೇಲೆ, ಕಬ್ಬಿನ ಹಂಗಾಮಿನಲ್ಲೋ ಮರಳು ಹೊಡೆಯುವಾಗಲೋ ಬೇರೆಯವರ ಟ್ರೇಲರ್ ಕಟ್ಟಿದರೆ, ಆ ಜ್ಯಾಕಿನೊಳಗಿನ ಹೊಲಸು ಆಯಿಲ್ ಇವನ ಹೌಸಿಂಗಿಗೆ ಇಳಿಯುತ್ತದೆ. ಜ್ಯಾಕು ಮೇಲೆದ್ದಾಗ ಹಲವು ಲೀಟರ್ ಆಯಿಲ್ ಅತ್ತ ಹೋಗುವುದರಿಂದ ಇತ್ತ ಮಟ್ಟ ಇಳಿದು ಪಂಪು ಗಾಳಿ ಎಳೆಯುವುದೂ ಉಂಟು.

ಆಮೇಲೆ ಲಿವರುಗಳನ್ನು ನೋಡು. ನಗಬೇಡ. ಮೆಸ್ಸಿ 35ರ ವಂಶದ ಗಾಡಿಗಳಲ್ಲಿ ಪಂಪು ಹಿಂದಿನ ಹೌಸಿಂಗಿನೊಳಗೆ ಆಯಿಲಿನಲ್ಲೇ ಮುಳುಗಿದ್ದು, ಪಿಟಿಓ ಶಾಫ್ಟಿನಿಂದ ತಿರುಗುತ್ತದೆ. ಪಿಟಿಓ ಲಿವರ್ ನ್ಯೂಟ್ರಲ್‌ನಲ್ಲಿದ್ದರೆ ಲಿಫ್ಟ್ ಏಳುವ ಮಾತೇ ಇಲ್ಲ. ಡ್ರಾಫ್ಟ್ ಲಿವರ್, ಪೊಸಿಷನ್ ಲಿವರ್ ಯಾವುದು ಎಲ್ಲಿರಬೇಕು ಎಂದು ಗೊತ್ತಿಲ್ಲದ ಹೊಸ ಡ್ರೈವರ್ ಕೈಯಲ್ಲಿ ಗಟ್ಟಿಮುಟ್ಟಾದ ಗಾಡಿಯೂ ಕೆಟ್ಟಂತೆ ಕಾಣುತ್ತದೆ. ನೇಗಿಲಿನ ಎಳೆತ ಹೆಚ್ಚಾದರೆ ಲಿಫ್ಟ್ ತಾನಾಗಿ ತುಸು ಎತ್ತಬೇಕು ಎನ್ನುವುದು ಹ್ಯಾರಿ ಫರ್ಗ್ಯೂಸನ್ 1920ರ ದಶಕದಲ್ಲಿ ಕಂಡುಹಿಡಿದ ಯುಕ್ತಿ. ಇವತ್ತಿಗೂ ಮೂರು ಕೊಂಡಿಯ ಲಿಫ್ಟುಗಳು ನಡೆಯುವುದು ಅದೇ ತತ್ವದ ಮೇಲೆ. ಆ ಯುಕ್ತಿ ತಿಳಿಯದೆ ಲಿಫ್ಟ್ ಕವರ್ ಬಿಚ್ಚಬಾರದು.

ಈಗ ಆಯಿಲ್. ಕಡ್ಡಿ ಎಳೆದು ಬೆರಳಿಗೆ ಹಚ್ಚಿಕೊಂಡು ಬಿಸಿಲಿಗೆ ಹಿಡಿ. ಹಾಲಿನಂತೆ ಬೆಳ್ಳಗಿದ್ದರೆ ನೀರು ಹೊಕ್ಕಿದೆ. ಜಾಂಬೋಟಿ, ಕಣಕುಂಬಿ ಕಡೆಯ ಗಾಡಿಗಳು ಮಳೆಗಾಲವಿಡೀ ಗದ್ದೆಯ ಕೆಸರಿನಲ್ಲಿ ಮುಳುಗಿ ಏಳುತ್ತವೆ. ಎಕ್ಸೆಲ್ ಸೀಲು ಸವೆದಿದ್ದರೆ, ಗೇರ್ ಲಿವರಿನ ರಬ್ಬರ್ ಹರಿದಿದ್ದರೆ ನೀರಿಗೆ ಅಷ್ಟು ಸಾಕು. ದಾರಿ ಮುಚ್ಚದೆ ಆಯಿಲ್ ಮಾತ್ರ ಬದಲಾಯಿಸಿದರೆ ಮುಂದಿನ ಮಳೆಗೆ ಅದೇ ಗಾಡಿ ಮತ್ತೆ ನಿನ್ನ ಬಾಗಿಲಲ್ಲಿ. ಆಯಿಲಿನಲ್ಲಿ ನೊರೆ ಕಂಡು, ಪಂಪು ಕೀರಲು ದನಿ ತೆಗೆದರೆ ಗಾಳಿ ಎಳೆಯುತ್ತಿದೆ: ಮಟ್ಟ ಕಡಿಮೆ ಇರಬೇಕು, ಇಲ್ಲವೇ ಪಂಪಿಗೆ ಆಯಿಲ್ ಹೋಗುವ ದಾರಿಯ ಓ-ರಿಂಗ್ ಹೋಗಿರಬೇಕು. ಫಿಲ್ಟರ್ ಕಟ್ಟಿಕೊಂಡಿದ್ದರೂ ಪಂಪು ಹೀಗೇ ಅರಚುತ್ತದೆ.

ಒಮ್ಮೆ ಒಂದು ಗಾಡಿ "ಪಂಪ್ ಬದಲಿ ಮಾಡಬೇಕು" ಎಂಬ ತೀರ್ಮಾನದೊಂದಿಗೇ ಬಂತು. ಫಿಲ್ಟರ್ ಬಿಚ್ಚಿದರೆ ಜಾಲರಿಯ ತುಂಬ ಬಿಳಿ ನೂಲು. ಹಿಂದೆ ಬಿಚ್ಚಿದವರು ಒಳಭಾಗವನ್ನು ಕಾಟನ್ ವೇಸ್ಟಿನಿಂದ ಒರೆಸಿ ಮುಚ್ಚಿದ್ದರು. ಆ ನೂಲು ಒಂದೊಂದಾಗಿ ಬಂದು ಜಾಲರಿಗೆ ಅಂಟಿತ್ತು. ಬ್ರಷ್ಷಿನಿಂದ ತೊಳೆದು ಕೂರಿಸಿದ್ದೇ ಲಿಫ್ಟ್ ಎದ್ದಿತು. ನಮ್ಮ ಕಾರ್ಖಾನೆಗಳಲ್ಲಿ ಸ್ಪೂಲಿಗೂ ಅದರ ಬೋರಿಗೂ ನಡುವೆ ಬಿಡುವ ಸಂದು ಕೆಲವೇ ಮೈಕ್ರಾನ್. ಭಾಗಗಳನ್ನು ತೊಳೆದು, ಗಾಳಿ ಹೊಡೆದು, ಮುಚ್ಚಿಟ್ಟೇ ಜೋಡಿಸುತ್ತಾರೆ. ಅದೇ ಹುಡುಗರು ಸಂಜೆ ಹೊರಗಡೆ ಟ್ರ್ಯಾಕ್ಟರ್ ಕೆಲಸ ಹಿಡಿದಾಗ ಧೂಳಿನ ಅಂಗಳದಲ್ಲಿ, ಸಿಮೆಂಟ್ ಚೀಲದ ಮೇಲೆ ವಾಲ್ವು ಬಿಚ್ಚಿ ಹರಡುತ್ತಾರೆ. ಇದು ನನಗೆ ಇವತ್ತಿಗೂ ಅರ್ಥವಾಗದ ಸಂಗತಿ.

ಇಷ್ಟಾದ ಮೇಲೂ ದೋಷ ಉಳಿದರೆ, ಎಂಜಿನ್ ಬಂದ್ ಮಾಡಿ ಮಾಡುವ ಒಂದು ಪರೀಕ್ಷೆ ಇದೆ. ನೇಗಿಲು ಎತ್ತಿ ಎಂಜಿನ್ ನಿಲ್ಲಿಸು, ದೂರ ನಿಂತು ನೋಡು. ಸರ್ರನೆ ಇಳಿದರೆ ಪಂಪಿನ ಸುದ್ದಿಗೆ ಹೋಗಬೇಡ. ಎತ್ತಿದ್ದನ್ನು ಹಿಡಿದಿಡುವ ಕಡೆ ಸೋರುತ್ತಿದೆ. ಪಿಸ್ಟನ್ ಸೀಲು, ಸಿಲಿಂಡರಿನ ಗೀರು, ಪೈಪಿನ ಓ-ರಿಂಗ್, ಚೆಕ್ ವಾಲ್ವು, ಇವುಗಳಲ್ಲಿ ಹುಡುಕು. ಎಂಜಿನ್ ಚಾಲೂ ಇದ್ದಾಗ ಲಿಫ್ಟ್ ತಲೆ ಅಲ್ಲಾಡಿಸಿದಂತೆ ಮೇಲೆ ಕೆಳಗೆ ಆಡುವುದೂ ಇದೇ ರೋಗ: ಸೋರಿದಷ್ಟನ್ನು ಪಂಪು ಮತ್ತೆ ಮತ್ತೆ ತುಂಬುತ್ತಿರುತ್ತದೆ. ಇಳಿಯದೆ ನಿಂತಿತು, ಆದರೆ ಭಾರ ಎತ್ತುವುದಿಲ್ಲ ಎಂದಾದರೆ ಆಗ ಪಂಪು, ರಿಲೀಫ್ ವಾಲ್ವು, ಆಯಿಲ್ ಎಳೆಯುವ ದಾರಿಯ ಸರದಿ. ತಣ್ಣಗಿದ್ದಾಗ ಎತ್ತಿ, ಕಾದ ಮೇಲೆ ಸೋತರೆ ಒಳಗೆ ಎಲ್ಲೋ ಸವೆದಿದೆ. ತೆಳುವಾದ ಆಯಿಲ್ ಆ ಸಂದಿನಲ್ಲಿ ಜಾರಿಹೋಗುತ್ತಿದೆ.

ಅಲ್ಲೂ ಊಹೆ ಬೇಡ, ಪ್ರೆಶರ್ ಗೇಜ್ ಹಾಕು. ಚದರ ಸೆಂ.ಮೀ.ಗೆ 250 ಕೆ.ಜಿ. ತನಕ ತೋರಿಸುವ ಒಂದು ಗೇಜು, ಅದಕ್ಕೆ ಹೊಂದುವ ನಾಲ್ಕಾರು ನಿಪ್ಪಲ್ ನಿನ್ನ ಪೆಟ್ಟಿಗೆಯಲ್ಲಿ ಇರಲೇಬೇಕು. ಆಯಿಲ್ ಕಾದ ಮೇಲೆ ನೋಡು, ಆ ಮಾಡೆಲಿನ ಪುಸ್ತಕದಲ್ಲಿರುವ ಅಂಕಿಗೆ ಹೋಲಿಸು. ಒತ್ತಡ ಪೂರ್ತಿ ಬಂದೂ ತೋಳು ಏಳದಿದ್ದರೆ ಶಾಫ್ಟು ಬಿಗಿದಿದೆ, ಇಲ್ಲವೇ ಭಾರವೇ ಹೆಚ್ಚಾಗಿದೆ.

ಒತ್ತಡ ಕಡಿಮೆ ಬಂದರೆ ರಿಲೀಫ್ ವಾಲ್ವಿನ ಸ್ಪ್ರಿಂಗಿಗೆ ವಾಷರ್ ಕೊಟ್ಟು ಬಿಗಿ ಮಾಡು ಎಂದು ಬುದ್ಧಿ ಹೇಳುವವರು ಬರುತ್ತಾರೆ. ಕೇಳಬೇಡ. 75 ಮಿ.ಮೀ. ವ್ಯಾಸದ ಪಿಸ್ಟನ್ ಮೇಲೆ 150 ಕೆ.ಜಿ. ಒತ್ತಡ ಬಿದ್ದರೆ ತಳ್ಳುವ ಬಲ ಆರೂವರೆ ಟನ್. ಎರಕದ ಹೌಸಿಂಗ್ ಒಡೆಯುವುದಕ್ಕೆ ಅದರ ಮೇಲೆ ಎಷ್ಟು ಬೇಕು ಅಂತ ಯಾವ ಫೌಂಡ್ರಿಯವನನ್ನಾದರೂ ಕೇಳು.

ಎತ್ತಿದ ನೇಗಿಲಿನ ಕೆಳಗೆ ತಲೆ ಹಾಕಬೇಡ; ನೆಲಕ್ಕಿಳಿಸಿ, ಒತ್ತಡ ಬಿಟ್ಟೇ ನಟ್ಟು ಸಡಿಲಿಸು. ಹೋಸ್ ಎಲ್ಲಿ ಸೋರುತ್ತದೆ ಎಂದು ಬೆರಳಾಡಿಸಬೇಡ, ರಟ್ಟಿನ ಚೂರು ಹಿಡಿದು ನೋಡು. ಸೂಜಿಮೊನೆಯಷ್ಟು ತೂತಿನಿಂದ ಚಿಮ್ಮಿದ ಆಯಿಲ್ ಚರ್ಮ ಸೀಳಿ ಒಳಗೆ ಹೋಗುತ್ತದೆ. ಮೊದಲಿಗೆ ಗಾಯ ಸೊಳ್ಳೆ ಕಚ್ಚಿದಷ್ಟೇ ಕಾಣುತ್ತದೆ, ನೋವೂ ಅಷ್ಟಾಗಿ ಇರುವುದಿಲ್ಲ. ಹಾಗಾದರೆ ಕೆಲಸ ಬಿಟ್ಟು ಅದೇ ಗಳಿಗೆಯಲ್ಲಿ ಆಸ್ಪತ್ರೆಗೆ ಹೋಗಬೇಕು, ಒಳಗೆ ಆಯಿಲ್ ಹೊಕ್ಕಿದೆ ಅಂತ ಡಾಕ್ಟರಿಗೆ ಬಾಯಿಬಿಟ್ಟು ಹೇಳಬೇಕು. ತಡಮಾಡಿದರೆ ಬೆರಳು ಉಳಿಯುವುದು ಕಷ್ಟ.

ರೈತ ಅವಸರ ಮಾಡುತ್ತಾನೆ; ಗದ್ದೆಯೋ ಸಕ್ಕರೆ ಕಾರ್ಖಾನೆಯ ಪಾಳಿಯೋ ಅವನನ್ನು ಕಾಯುತ್ತಿರುತ್ತದೆ. ಆ ಅವಸರಕ್ಕೆ ಬಿದ್ದು ಬೇಡದ ಪಂಪು ಹಾಕಿಸಬೇಡ. ಪರೀಕ್ಷೆಗೆ ಕೂಲಿ ತೆಗೆದುಕೋ, ಸಂಕೋಚ ಬೇಡ, ಅದೂ ಕೆಲಸವೇ. ಬದಲಾಯಿಸಿದ ಹಳೇ ಸಾಮಾನು ಅವನ ಕೈಗೆ ಕೊಡು, ಗೇಜಿನ ಅಂಕಿಯನ್ನು ಬಿಲ್ಲಿನ ಮೇಲೆ ಬರೆ. ಹೊಸ ಸೀಲು, ಹೊಸ ಆಯಿಲ್ ಹಾಕಿದ ಗಾಡಿಯಾದರೆ ಐವತ್ತು ತಾಸು ಓಡಿದ ಮೇಲೆ ಫಿಲ್ಟರ್ ತೊಳೆಸಿಕೊಂಡು ಹೋಗಲು ಬಾ ಅಂತ ಹೇಳಿ ಕಳಿಸು. ಬಂದಾಗ ಆ ತೊಳೆಯುವುದಕ್ಕೆ ದುಡ್ಡು ಕೇಳಬೇಡ.